ಮುಚ್ಚಳವಿರುವ ಜೇಬು ಗಡಿಯಾರಕ್ಕೆ ಗಾಜು ಕೂರಿಸಿದ ಬಗೆ

ನಾನು ಈಚೆಗೆ ಗಾಜು ಬದಲಿಸಿದ ಹಳೆಯ ಜೇಬು ಗಡಿಯಾರವು, ಡಯಲ್‌ನ ಮೇಲೂ ಲೋಹದ ಮುಚ್ಚಳವಿರುವ, ಹಂಟರ್ ಕೇಸ್ ಎಂದು ಕರೆಯುವ ಬಗೆಯದು. ಗಾಜು ಒಡೆದು ಚೂರುಗಳು ಎನಾಮಲ್ ಡಯಲ್ ಮೇಲೆ ಬಿದ್ದಿದ್ದವು. ಎನಾಮಲ್ ಎಂದರೆ ತಗಡಿನ ಮೇಲೆ ಕರಗಿಸಿ ಹಿಡಿಸಿದ ಗಾಜೇ ಆದ್ದರಿಂದ, ಬಟ್ಟೆಯಿಂದ ಒರೆಸಿದರೆ ಗೀರು ಬೀಳುವ ಭಯವಿತ್ತು. ಹಾಗಾಗಿ ಗಡಿಯಾರವನ್ನು ಬೋರಲು ಹಿಡಿದು, ರಬ್ಬರ್ ಬುರುಡೆಯಿಂದ ಗಾಳಿ ಊದಿಯೇ ಚೂರುಗಳನ್ನು ಉದುರಿಸಿದೆ. ಬಳಿಕ ಯಂತ್ರಭಾಗವನ್ನು ಕೇಸಿನಿಂದ ತೆಗೆದಿಟ್ಟು, ಗಾಜನ್ನು ಹಿಡಿದಿಡುವ ಬಳೆಯ ಕಚ್ಚಿನಲ್ಲಿ ಉಳಿದ ಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ಕೆರೆದೆ.

ಹಳೆಯ ಬಳೆಗಳು ಸವೆದು, ಬಾಗಿ, ದುಂಡು ತಪ್ಪಿರುವುದುಂಟು. ಆದ್ದರಿಂದ ವರ್ನಿಯರ್ ಕ್ಯಾಲಿಪರ್‌ನಿಂದ ಕಚ್ಚನ್ನು ನಾಲ್ಕು ದಿಕ್ಕುಗಳಲ್ಲಿ ಅಳೆದೆ, 42.3ರಿಂದ 42.5 ಮಿ.ಮೀ.ವರೆಗೆ ಬಂತು. ಗಾಜುಗಳು 0.1 ಮಿ.ಮೀ. ಅಂತರದಲ್ಲಿ ದೊರೆಯುವುದರಿಂದ 42.4ರದನ್ನು ತರಿಸಿಕೊಂಡೆ. ಅದು ಬಳೆಗೆ ಸರಿಯಾಗಿಯೇ ಹೊಂದಿತು, ಆದರೆ ಮುಚ್ಚಳ ಮುಚ್ಚಲಿಲ್ಲ. ವ್ಯಾಸದ ಮೇಲೆ ಇಟ್ಟಷ್ಟೇ ಗಮನವನ್ನು ನಾನು ಎತ್ತರದ ಮೇಲೆ ಇಟ್ಟಿರಲಿಲ್ಲ. ಬಂದದ್ದು ಮುಚ್ಚಳವಿಲ್ಲದ ಗಡಿಯಾರಗಳಿಗೆ ಹೊಂದುವ ಉಬ್ಬು ಗಾಜು. ಬಲವಂತವಾಗಿ ಒತ್ತಿದ್ದರೆ ಇದೂ ಒಡೆಯುತ್ತಿತ್ತು.

ಎರಡನೆಯ ಸಲ, ಗಾಜಿಲ್ಲದ ಬಳೆಯ ಮೇಲೆ ತೆಳು ರಟ್ಟನ್ನು ಇಟ್ಟು, ಅದರ ನಡುವೆ ಮೆತ್ತನೆಯ ಜೇಡಿಯ ಸಣ್ಣ ಉಂಡೆಯೊಂದನ್ನು ಕೂರಿಸಿ, ಮುಚ್ಚಳವನ್ನು ನಿಧಾನವಾಗಿ ಮುಚ್ಚಿ ತೆರೆದೆ. ಚಪ್ಪಟೆಯಾದ ಜೇಡಿಯ ದಪ್ಪಕ್ಕೆ ರಟ್ಟಿನ ದಪ್ಪವನ್ನು ಕೂಡಿಸಿದಾಗ, ಬಳೆಯ ಅಂಚಿನಿಂದ ಮೇಲಕ್ಕೆ ಗಾಜು ಎಷ್ಟು ಉಬ್ಬಬಹುದೆಂಬುದು ತಿಳಿಯಿತು. ಅಕ್ರಿಲಿಕ್ ಸುಲಭವಾಗಿ ಒಡೆಯದಿದ್ದರೂ, ಇಷ್ಟು ಇಕ್ಕಟ್ಟಾದ ಜಾಗಕ್ಕೆ ತೆಳುವಾದ ಗಾಜೇ ಸೂಕ್ತವೆಂದು ನನಗೆ ತೋರಿತು.

ಕೂದಲು ಒಣಗಿಸುವ ಯಂತ್ರದಿಂದ ಬಳೆಯನ್ನು ಬೆಚ್ಚಗೆ ಮಾಡಿ ತುಸು ಹಿಗ್ಗಿಸಿದೆ. ಗಾಜಿನ ಒಂದು ಅಂಚನ್ನು ಕಚ್ಚಿಗೆ ಸೇರಿಸಿ, ಬಟ್ಟೆ ಸುತ್ತಿದ ಹೆಬ್ಬೆರಳುಗಳಿಂದ ಎದುರಂಚನ್ನು ಒತ್ತಿದಾಗ ಸಣ್ಣ ಸದ್ದಿನೊಂದಿಗೆ ಕುಳಿತುಕೊಂಡಿತು. ಅಂಟಿನ ಅಗತ್ಯ ಬೀಳಲಿಲ್ಲ. ಬಿದ್ದಿದ್ದರೂ ಸೂಪರ್ ಗ್ಲೂ ಬಳಸುತ್ತಿರಲಿಲ್ಲ. ಅದರ ಆವಿ ಗಾಜಿನ ಒಳಮೈಗೆ ಬಿಳಿಯ ಮಬ್ಬು ಹಿಡಿಸುತ್ತದೆ.

ಯಂತ್ರಭಾಗವನ್ನು ಮರಳಿ ಕೂರಿಸಿ, ಬಳೆಯನ್ನು ಮುಚ್ಚಿ, ಮುಳ್ಳುಗಳನ್ನು ಹನ್ನೆರಡು ಗಂಟೆಗಳ ಪೂರ್ಣ ಸುತ್ತು ತಿರುಗಿಸುತ್ತ ಓರೆಯಿಂದ ನೋಡಿದೆ. ನಿಮಿಷದ ಮುಳ್ಳು ಎಲ್ಲಿಯೂ ಗಾಜಿಗೆ ತಾಗಲಿಲ್ಲ, ಮುಚ್ಚಳವೂ ತಡೆಯಿಲ್ಲದೆ ಮುಚ್ಚಿಕೊಂಡಿತು.