ಊರ ಕೆರೆಯ ಹಕ್ಕಿ ಎಣಿಸುವುದು ಹೇಗೆ?

ಜನವರಿ ಬಂತೆಂದರೆ ಬಯಲುಸೀಮೆಯ ಕೆರೆಗಳ ತುಂಬಾ ಹಕ್ಕಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಕೆರೆಯೊಳಗಿನ ಕರಿಜಾಲಿ ಮರಗಳ ಮೇಲೇ ಗೂಡು. ಈ ಎರಡೂ ಕೆರೆಗಳು 2024ರಲ್ಲಿ, ಜಗತ್ತಿನ ಮಹತ್ವದ ಜೌಗುನೆಲಗಳನ್ನು ಗುರುತಿಸುವ ರಾಮ್‌ಸಾರ್ ಪಟ್ಟಿ ಸೇರಿದವು. ನಿಮ್ಮೂರ ಕೆರೆಗೆ ಅಂಥ ಹೆಸರು ಬಂದಿಲ್ಲದಿರಬಹುದು. ಅಲ್ಲೂ ಹಕ್ಕಿಗಳಿವೆ ಅಲ್ವಾ? ಎಷ್ಟಿವೆ ಅಂತ ಬರೆದಿಟ್ಟವರೇ ಇರುವುದಿಲ್ಲ. ನಾಳೆ ಕೆರೆಗೆ ಕುತ್ತು ಬಂದಾಗ ಕೈಯಲ್ಲಿ ಲೆಕ್ಕ ಇದ್ದರೆ ಮಾತಿಗೆ ತೂಕ ಬರುತ್ತದೆ.

ಕೂರುವ ಜಾಗ

ಬೆಳಿಗ್ಗೆ ಆರೂವರೆಗೆ ಹೊರಡಿ. ಕೆರೆಯ ಪೂರ್ವ ದಂಡೆಯಲ್ಲಿ ಕೂತರೆ ಬಿಸಿಲು ಬೆನ್ನಿಗಿರುತ್ತದೆ, ಹಕ್ಕಿಯ ಬಣ್ಣ ಚೆನ್ನಾಗಿ ಕಾಣುತ್ತದೆ. ಅಲ್ಲೊಂದು ಗುರುತು ಇಟ್ಟುಕೊಳ್ಳಿ: ತೂಬು, ಒಂದು ಬಂಡೆ, ಒಂದು ಬೇವಿನ ಮರ. ಮುಂದಿನ ವರ್ಷವೂ ಅಲ್ಲೇ ಕೂರಬೇಕು. 8x40 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 40 ಮಿ.ಮೀ. ಮಸೂರದ) ದುರ್ಬೀನು ಇದ್ದರೆ ಒಳ್ಳೆಯದು. ಒಂದೇ ಇದ್ದರೂ ನಾಲ್ಕು ಜನ ಸರದಿಯಲ್ಲಿ ನೋಡಬಹುದು.

ಎಣಿಕೆ

ಕೆರೆಯನ್ನು ಎಡದಿಂದ ಬಲಕ್ಕೆ ಒಂದೇ ಸಲ ನೋಡುತ್ತಾ ಹೋಗಿ. ಒಬ್ಬರು ಹೇಳಲಿ, ಒಬ್ಬರು ಬರೆಯಲಿ. ಬೆಳ್ಳಕ್ಕಿ, ಬಕಗಳನ್ನು ಒಂದೊಂದಾಗಿ ಎಣಿಸಬಹುದು. ಹಣೆಯ ಮೇಲೆ ಬಿಳಿ ನಾಮ ಹೊತ್ತ ನಾಮದ ಕೋಳಿಗಳು ಮಾತ್ರ ಗುಂಪುಗಟ್ಟಿ ತೇಲುತ್ತವೆ. ಆಗ ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಿ. ಅಷ್ಟಷ್ಟೇ ಅಳತೆಯಲ್ಲಿ ಗುಂಪನ್ನೆಲ್ಲ ಅಳೆಯಿರಿ.

ಗುಳುಮುಳುಕ ಎಲ್ಲರಿಗೂ ಕಷ್ಟ ಕೊಡುತ್ತದೆ. ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುತ್ತದೆ. ಎರಡು ನಿಮಿಷ ಸುಮ್ನೆ ನೋಡಿ, ಒಮ್ಮೆಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನು ಬರೆಯಿರಿ. ಹೆಸರು ತಿಳಿಯದಿದ್ದರೆ ಊಹಿಸಬೇಡಿ. ‘ಉದ್ದ ಕಾಲು, ಕಂದು ಬೆನ್ನು, ಕೆಸರಲ್ಲಿ ಕುಕ್ಕುತ್ತಿತ್ತು, 14’ ಅಂತ ಬರೆದರೂ ಅದು ದಾಖಲೆಯೇ. ದನ ಕಾಯುವವರನ್ನು, ಮೀನು ಹಿಡಿಯುವವರನ್ನು ಕೇಳಿ. ಯಾವ ಹಕ್ಕಿ ಯಾವ ತಿಂಗಳು ಬರುತ್ತದೆಂದು ಅವರಿಗೆ ಗೊತ್ತಿರುತ್ತದೆ. ಅವರು ಹೇಳುವ ಹೆಸರನ್ನೂ ಬರೆದುಕೊಳ್ಳಿ.

ಹಕ್ಕಿಗಳು ಕತ್ತು ನಿಮಿರಿಸಿ ನಿಮ್ಮತ್ತ ನೋಡಿದರೆ ಅಲ್ಲೇ ನಿಲ್ಲಿ. ಫೋಟೋಗಾಗಿ ಇನ್ನೊಂದು ಹೆಜ್ಜೆ ಇಟ್ಟರೆ ಇಡೀ ಗುಂಪು ಎದ್ದುಬಿಡುತ್ತದೆ.

ಕೆರೆಯನ್ನೂ ಬರೆಯಿರಿ

ಮೊದಲ ವರ್ಷ ನಾನು ಹಕ್ಕಿಗಳನ್ನು ಮಾತ್ರ ಬರೆದೆ, ನೀರಿನ ಮಟ್ಟ ಬರೆಯಲಿಲ್ಲ. ಮರುವರ್ಷ ಸಂಖ್ಯೆ ಅರ್ಧವಾಯಿತು. ಯಾಕೆಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಅಂದಿನಿಂದ ತಾರೀಖು, ಸಮಯದ ಜೊತೆ ಮೂರು ಸಂಗತಿ ತಪ್ಪಿಸುವುದಿಲ್ಲ: ನೀರು ತೂಬಿನ ಎಷ್ಟನೇ ಮೆಟ್ಟಿಲಿಗಿದೆ, ಅಂಚಿನಲ್ಲಿ ಜೊಂಡು ಎಷ್ಟಿದೆ, ಹೂಳು ತೆಗೆದಿದ್ದಾರಾ.

ಹೂಳಿನ ಮಾತು ಮುಖ್ಯ. ಹೂಳು ತೆಗೆಯುವುದು ಬೇಕು, ರೈತರಿಗೆ ನೀರು ಬೇಕು. ಆದರೆ ಕೆರೆಯನ್ನು ಬಾಣಲೆಯ ಹಾಗೆ ಒಂದೇ ಸಮ ಆಳ ಮಾಡಿದರೆ ಕೆಸರಲ್ಲಿ ಕುಕ್ಕಿ ತಿನ್ನುವ ಗೊರವ ಹಕ್ಕಿಗಳಿಗೆ ಕಾಲೂರಲು ಕೆಸರೇ ಇರುವುದಿಲ್ಲ. ಅವಕ್ಕೆ ಬೇಕಾದ್ದು ಗೇಣುದ್ದದ ನೀರು. ಒಂದು ಬದಿಯ ಇಳಿಜಾರನ್ನೂ ಕೆರೆಯಂಗಳದ ಜಾಲಿ ಮರಗಳನ್ನೂ ಹಾಗೇ ಬಿಡಿ ಎಂದು ಕೇಳಬಹುದು. ಹಾಗೆ ಕೇಳುವಾಗ ನಿಮ್ಮ ಪುಸ್ತಕ ಜೊತೆಗಿರಲಿ.

ಲೆಕ್ಕ ಎಲ್ಲಿಗೆ ಹೋಗಬೇಕು?

ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಮೊಬೈಲ್‌ನಲ್ಲಿ ಹಕ್ಕಿ ದಾಖಲಿಸುವ ಇ-ಬರ್ಡ್ ಆ್ಯಪ್ ಹಾಕಿಕೊಂಡರೆ ನಿಮ್ಮ ಕೆರೆಯ ಪಟ್ಟಿಯನ್ನು ಅಲ್ಲಿ ಸೇರಿಸಬಹುದು. ಒಂದು ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಿ. ಊರಿನ ಜೀವವೈವಿಧ್ಯ ದಾಖಲಾತಿ ಅವರ ಕೆಲಸವೇ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಗೂಡಿರುವ ಮರದ ಜಾಗವನ್ನು ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ.

ಒಂದು ವರ್ಷ ಕೆರೆ ಒಣಗಿ ಒಂದು ಹಕ್ಕಿಯೂ ಕಾಣದಿರಬಹುದು. ಆಗಲೂ ಅದೇ ದಿನ, ಅದೇ ಬಂಡೆಯ ಮೇಲೆ ಕೂತು ‘ನೀರಿಲ್ಲ, ಹಕ್ಕಿ 0’ ಎಂದು ಬರೆದೇ ಮನೆಗೆ ಬನ್ನಿ.