ಮನೆಯಲ್ಲಿ ಮಾಡಿದ ಕ್ರೀಮಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ?

ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ಅಂಥದೊಂದು ಮಧ್ಯಾಹ್ನ ನಾನೇ ಮಾಡಿಟ್ಟ ಕ್ರೀಮಿನ ಡಬ್ಬಿ ತೆರೆದೆ. ಕ್ರೀಮ್ ಬೆಣ್ಣೆಯ ಹಾಗೆ ನುಣ್ಣಗಿತ್ತು. ಮುಚ್ಚಳದ ಒಳಗೆ ಮಾತ್ರ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು. ಕ್ರೀಮ್ ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಪ್ಯಾರಾಬೆನ್ ಅನ್ನು ಅಳತೆ ಪ್ರಕಾರವೇ ಹಾಕಿದ್ದೆ. ಎಡವಿದ್ದು ಎಮಲ್ಸಿಫೈಯರ್‌ನಲ್ಲಿ. ಕ್ರೀಮ್ ಒಡೆಯದಿರಲಿ ಅಂತ ಜೇನಿನ ಹಾಗೆ ಅಂಟಂಟಾದ ಪಾಲಿಸಾರ್ಬೇಟ್ 80 ಅನ್ನು ಜಾಸ್ತಿ ಸುರಿದಿದ್ದೆ.

ಎಣ್ಣೆ ಮತ್ತು ನೀರನ್ನು ಕೂಡಿಸುವುದು ಎಮಲ್ಸಿಫೈಯರ್ ಕೆಲಸ. ಅದು ಹೆಚ್ಚಾದರೆ ಮಿಕ್ಕಿದ್ದು ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆ ಕಟ್ಟುತ್ತದೆ. ಪ್ಯಾರಾಬೆನ್ ನೀರು ಬಿಟ್ಟು ಆ ಉಂಡೆಗಳೊಳಗೆ ಸೇರಿಕೊಳ್ಳುತ್ತದೆ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುವುದು ನೀರಿನಲ್ಲಿ. ಕಾವಲುಗಾರ ಉಗ್ರಾಣದಲ್ಲಿ, ಕಳ್ಳ ಹಿತ್ತಲಲ್ಲಿ! ಲ್ಯಾಬ್‌ನಲ್ಲಿ ಕ್ರೀಮ್ ಪರೀಕ್ಷಿಸುವಾಗ ಪ್ರಿಸರ್ವೇಟಿವ್‌ನ ಶಕ್ತಿ ಅಡಗಿಸಲು ಬಳಸುವುದು ಇದೇ ಪಾಲಿಸಾರ್ಬೇಟ್ 80 ಮತ್ತು ಲೆಸಿಥಿನ್ ಎಂಬ ಇನ್ನೊಂದು ಎಮಲ್ಸಿಫೈಯರ್. ನೈಸರ್ಗಿಕ ಅಂತ ಸೋಯಾ ಲೆಸಿಥಿನ್ ಹಾಕುವವರೂ ಇದನ್ನು ಗಮನಿಸಬೇಕು.

ಈಗ ನಾನು ಮಾಡುವ 100 ಗ್ರಾಂ ಲೆಕ್ಕ ಹೀಗಿದೆ: ಡಿಸ್ಟಿಲ್ಡ್ ವಾಟರ್ 76 ಗ್ರಾಂ, ಕುಸುಬೆ ಎಣ್ಣೆ 15, ಎಮಲ್ಸಿಫೈಯಿಂಗ್ ವ್ಯಾಕ್ಸ್ 5, ಗ್ಲಿಸರಿನ್ 3, ಫಿನಾಕ್ಸಿಎಥನಾಲ್ ಮತ್ತು ಎಥೈಲ್‌ಹೆಕ್ಸೈಲ್‌ಗ್ಲಿಸರಿನ್ ಸೇರಿದ ಪ್ರಿಸರ್ವೇಟಿವ್ ಮಿಶ್ರಣ 1. ಫಿನಾಕ್ಸಿಎಥನಾಲ್ ಪ್ಯಾರಾಬೆನ್‌ಗಿಂತ ಚೆನ್ನಾಗಿ ನೀರಿನಲ್ಲಿ ಕರಗುತ್ತದೆ. ಚಮಚದ ಲೆಕ್ಕ ಬೇಡ, ತಕ್ಕಡಿಯಲ್ಲೇ ತೂಗಿ.

ಮೊದಲು ಪಾತ್ರೆ, ಡಬ್ಬಿ ಎಲ್ಲವನ್ನೂ ಚೆನ್ನಾಗಿ ತೊಳೆದು ಒಣಗಿಸಿ. ನೀರಿಗೆ ಗ್ಲಿಸರಿನ್, ಎಣ್ಣೆಗೆ ವ್ಯಾಕ್ಸ್ ಸೇರಿಸಿ. ಎರಡನ್ನೂ ಬೇರೆ ಬೇರೆಯಾಗಿ 70–75 ಡಿಗ್ರಿಗೆ ಕಾಯಿಸಿ, ಒಟ್ಟುಗೂಡಿಸಿ ಕಡೆಯಿರಿ. 40 ಡಿಗ್ರಿಗಿಂತ ಕೆಳಗಿಳಿದ ಮೇಲೆ ಪ್ರಿಸರ್ವೇಟಿವ್ ಹಾಕಿ ಮತ್ತೆ ಕಲಸಿ. ಗಟ್ಟಿ ಬೇಕಿದ್ದರೆ ಮುಂದಿನ ಸಲ ಎಣ್ಣೆ ಸ್ವಲ್ಪ ಕಡಿಮೆ ಮಾಡಿ ಸೀಟೈಲ್ ಆಲ್ಕೋಹಾಲ್ ಸೇರಿಸಿ. ಎಮಲ್ಸಿಫೈಯರ್ ಮಾತ್ರ ಏರಿಸಬೇಡಿ.

ಪ್ರಿಸರ್ವೇಟಿವ್ ಆಗಿ ಸೋಡಿಯಂ ಬೆಂಜೊಯೇಟ್ ಬಳಸುವವರು ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಅಳೆಯುವ ಪಟ್ಟಿ ಇಟ್ಟುಕೊಳ್ಳಲೇಬೇಕು. ಅದು ಕೆಲಸ ಮಾಡುವುದು ಪಿಎಚ್ 5ಕ್ಕಿಂತ ಕಡಿಮೆ ಇದ್ದಾಗ. ಸ್ಟಿಯರಿಕ್ ಆಸಿಡ್‌ಗೆ ಕ್ಷಾರ ಸೇರಿಸಿ ಮಾಡುವ ಸೋಪಿನ ಥರದ ಎಮಲ್ಸಿಫೈಯರ್ ಇದ್ದರೆ ಪಿಎಚ್ 7 ದಾಟುತ್ತದೆ, ಬೆಂಜೊಯೇಟ್ ಇದ್ದೂ ಇಲ್ಲದಂತೆ.

"ಹಂಗಾದ್ರೆ ಪ್ರಿಸರ್ವೇಟಿವ್ ಎರಡರಷ್ಟು ಹಾಕಿದ್ರಾಯ್ತಲ್ವಾ?" ಅಂತ ಪಕ್ಕದ ಮನೆಯ ಅಕ್ಕ ಕೇಳಿದರು. ದಯವಿಟ್ಟು ಬೇಡ. ಚರ್ಮ ಉರಿಯಬಹುದು. ಅದರ ಬದಲು ಸ್ವಲ್ಪ ಸ್ವಲ್ಪವೇ ಮಾಡಿ, ಡಬ್ಬಿಯ ಮೇಲೆ ತಾರೀಖು ಬರೆದಿಡಿ. ಒಂದೇ ಒಂದು ಚುಕ್ಕೆ ಕಂಡರೂ ಮೇಲ್ಮೇಲೆ ಕೆರೆದು ಉಳಿದದ್ದನ್ನು ಹಚ್ಚಿಕೊಳ್ಳಬೇಡಿ, ಇಡೀ ಡಬ್ಬಿ ಬಿಸಾಕಿ.