ನನ್ನ ಅನುಭವ: ಭಯಕ್ಕೊಂದು ಕಲಂ

ಅಂಡಾಶಯದ ಕ್ಯಾನ್ಸರ್ ಪತ್ತೆಯಾದ ಮೇಲೆ ನಾನು ಭಯದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತೇನೆಂದಾಗ ಮನೆಯವರಲ್ಲಿ ಒಬ್ಬರೂ ಒಪ್ಪಲಿಲ್ಲ. ಬರೆದಷ್ಟೂ ರೋಗವನ್ನೇ ಮೆಲುಕು ಹಾಕಿದಂತಾಗುತ್ತದೆ ಎಂಬುದು ಅವರ ವಾದವಾಗಿತ್ತು. ಈಗ ನಾಲ್ಕನೆಯ ಪುಸ್ತಕ ನಡೆಯುತ್ತಿದೆ. ಕೀಮೋ ವಾರ್ಡಿನಲ್ಲಿ ಪರಿಚಯವಾದ ಇಬ್ಬರು ನನ್ನಂತೆಯೇ ಪುಸ್ತಕಕ್ಕೆ ಗೆರೆ ಎಳೆದುಕೊಂಡಿದ್ದಾರೆ. ಆದ್ದರಿಂದ ಸ್ವಲ್ಪ ಹೆಮ್ಮೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಮೂರನೆಯ ಹಂತದ ರೋಗ. ಮೂರು ಸುತ್ತು ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಗಳು, ಬಳಿಕ ಶಸ್ತ್ರಚಿಕಿತ್ಸೆ, ಮತ್ತೆ ಮೂರು ಸುತ್ತು. ಈ ದಾರಿ ತುಳಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮೊದಲ ಎರಡು ಸುತ್ತುಗಳಲ್ಲಿ ನಾನು ಧೈರ್ಯಶಾಲಿಯ ವೇಷ ಹಾಕಿದ್ದೆ. ಕೀಮೋ ಜೊತೆಗೆ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡಿನ ಹುರುಪಿನಲ್ಲಿ ರಾತ್ರಿ ಎರಡು ಗಂಟೆಗೆ ಕಪಾಟು ಜೋಡಿಸಿ, ಸುತ್ತಿನ ನಾಲ್ಕನೆಯ ದಿನ ಮೂಳೆನೋವಿನಲ್ಲಿ ಮಲಗಿದಾಗ, ನನ್ನ ಮನೋಬಲವೇ ಕುಸಿಯಿತೆಂದು ನನ್ನನ್ನೇ ಹಳಿದುಕೊಳ್ಳುತ್ತಿದ್ದೆ. ಅಂತಹ ಒಂದು ನಾಲ್ಕನೆಯ ದಿನ ಕೆಲಸಕ್ಕೆ ರಾಜೀನಾಮೆ ಬರೆದು ಕಳುಹಿಸಿಯೂ ಬಿಟ್ಟೆ. ಮೇಲಧಿಕಾರಿ ಅದನ್ನು ಎರಡು ವಾರ ಮೇಜಿನ ಖಾನೆಯಲ್ಲಿಯೇ ಇಟ್ಟುಕೊಂಡರು. ಇಲ್ಲವಾದರೆ ಸಂಬಳದೊಂದಿಗೆ ವಿಮೆಯೂ ಕೈಬಿಡುತ್ತಿತ್ತು.

ಆ ರಾಜೀನಾಮೆಯ ಮಾರನೆಯ ವಾರ, ಕೀಮೋ ಸುತ್ತಿನ ದಿನಕ್ಕೊಂದರಂತೆ, ಪುಟಕ್ಕೆ ಇಪ್ಪತ್ತೊಂದು ಸಾಲು ಹಾಕಿದೆ. ಕಲಂಗಳು ಮೂರು: ದೇಹ, ಹಣ, ಭಯ. ಹತ್ತನೆಯ ದಿನದ ಆಸುಪಾಸಿನಲ್ಲಿ ಬಿಳಿ ರಕ್ತಕಣ ಇಳಿದು ಸೋಂಕು ಸುಲಭವಾಗಿ ತಗಲುವುದರಿಂದ ಆ ಸಾಲುಗಳಲ್ಲಿ ಅತಿಥಿಗಳಿಗೆ ಪ್ರವೇಶವಿಲ್ಲ. ಉಯಿಲು, ಬ್ಯಾಂಕಿನ ನಾಮಿನಿ, ರಜೆಯ ಅರ್ಜಿ, ಮಗಳೊಂದಿಗೆ ಆಡಬೇಕಾದ ಮಾತು, ಇವೆಲ್ಲವೂ ಹದಿನೈದರಿಂದ ಇಪ್ಪತ್ತನೆಯ ದಿನದೊಳಗೆ ಮಾತ್ರ. ಆರನೆಯ ದಿನ ಮುಗಿಯುವವರೆಗೆ ಯಾವ ನಿರ್ಧಾರವೂ ಇಲ್ಲ, ಯಾವ ಪತ್ರಕ್ಕೂ ಸಹಿ ಇಲ್ಲ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಪುಸ್ತಕ ಮುಚ್ಚಿ ನೇರವಾಗಿ ಆಸ್ಪತ್ರೆಗೆ ಹೊರಡುವುದು.

ಭಯದ ಕಲಂ ಸರಿಯಾಗಲು ಬಹಳ ಕಾಲ ಹಿಡಿಯಿತು. ಆರಂಭದಲ್ಲಿ ಮನಸ್ಸಿಗೆ ಬಂದುದನ್ನೆಲ್ಲ ಸುರಿದೆ. ಮನೆಯವರು ಹೇಳಿದಂತೆಯೇ ಆಯಿತು, ನಿದ್ದೆ ಇನ್ನಷ್ಟು ಕೆಟ್ಟಿತು. ಅನಂತರ ನಿಯಮ ಬದಲಿಸಿ, ಸಂಜೆ ಅರ್ಧ ಗಂಟೆಯನ್ನಷ್ಟೇ ಅದಕ್ಕೆ ಕೊಟ್ಟೆ. ಪ್ರತಿಯೊಂದು ಭಯದ ಮುಂದೆ ‘ಇದು ನಿಜವಾದರೆ ನಾನು ಮಾಡಬೇಕಾದ ಕೆಲಸವೇನು’ ಎಂದು ಬರೆಯುವುದು. ಕೆಲಸವಿದ್ದರೆ ಅದಕ್ಕೊಂದು ದಿನಾಂಕ, ಇಲ್ಲದಿದ್ದರೆ ಹತ್ತಕ್ಕೆ ಇಷ್ಟು ಎಂಬ ಅಂಕೆ ಮಾತ್ರ. ಅಂಕೆ ಹಾಕಿದ ಮೇಲೆ ಆ ಭಯದ ಕುರಿತು ಅಂದು ಮಾತಿಲ್ಲ.

ಎಲ್ಲರೂ ಹೆಚ್ಚು ಆಕ್ಷೇಪಿಸಿದ್ದು ಈ ರೋಗದ ಏರಿಳಿತದ ಸುಳಿವು ಕೊಡುವ ಸಿಎ-125 ಎಂಬ ರಕ್ತಪರೀಕ್ಷೆಯ ವಿಷಯದಲ್ಲಿ ನಾನು ಮಾಡಿದ್ದನ್ನು. ಮೊದಲು ಒಂಬೈನೂರರ ಮೇಲಿದ್ದದ್ದು ಮೂರನೆಯ ಸುತ್ತಿನ ಹೊತ್ತಿಗೆ ಅರವತ್ತರ ಸುಮಾರಿಗೆ, ಕೊನೆಗೆ ಹನ್ನೊಂದಕ್ಕೆ ಇಳಿದಿತ್ತು. ಮುಂದೊಂದು ತಪಾಸಣೆಯಲ್ಲಿ ಅದು ಹತ್ತೊಂಬತ್ತಾಯಿತು. 35ರ ಮಿತಿಯೊಳಗೇ ಇದ್ದರೂ ನಾನು ಮೂರು ವಾರ ಊಟ ನಿದ್ದೆ ಬಿಟ್ಟೆ. ಆಗ ವೈದ್ಯರು 2010ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಪ್ರಯೋಗವೊಂದರ ಸಂಗತಿ ಹೇಳಿದರು: ಲಕ್ಷಣ ಕಾಣುವ ಮೊದಲೇ, ಕೇವಲ ಈ ಅಂಕೆ ಏರಿತೆಂದು ಮತ್ತೆ ಚಿಕಿತ್ಸೆ ಆರಂಭಿಸಿದವರು ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಈಗಿನ ಔಷಧಗಳ ಮುಂದೆ ಆ ಪ್ರಯೋಗ ಹಳತಾಯಿತು ಎನ್ನುವ ವೈದ್ಯರೂ ಇದ್ದಾರೆ. ಆದ್ದರಿಂದ ನಾನು ಪರೀಕ್ಷೆ ಬಿಡಲಿಲ್ಲ, ವರದಿ ನೋಡುವುದನ್ನು ಬಿಟ್ಟೆ. ಅದರ ಪಾಸ್‌ವರ್ಡನ್ನು ತಂಗಿ ಬದಲಿಸಿಕೊಂಡಿದ್ದಾಳೆ. ಅಂಕೆಯ ಅರ್ಥವನ್ನು ವೈದ್ಯರು ಎದುರು ಕೂರಿಸಿಕೊಂಡು ಹೇಳುತ್ತಾರೆ. ನನ್ನ ಪಾಲಿಗೆ ಉಳಿದದ್ದು ಲಕ್ಷಣಗಳ ಕಾವಲು. ಹೊಟ್ಟೆಯುಬ್ಬರ ಎರಡು ವಾರ ಬಿಡದೆ ಕಾಡಿದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದರೆ, ಮೂತ್ರದ ಅವಸರ ಹೆಚ್ಚಿದರೆ ಅದೇ ದಿನ ಫೋನು ಮಾಡುತ್ತೇನೆ. ಇದನ್ನು ಬೇಜವಾಬ್ದಾರಿ ಎಂದ ಭಾವನವರು ಈಗ ತಮ್ಮ ಸಕ್ಕರೆಯ ವರದಿಯನ್ನು ಹೆಂಡತಿಯ ಕೈಗೆ ಕೊಟ್ಟಿದ್ದಾರೆ.

ಹಣದ ಕಲಂನಲ್ಲಿ ನಾಚಿಕೆಪಡುವಂತಹ ಸಾಲುಗಳೇ ಹೆಚ್ಚು. ಆಸ್ಪತ್ರೆಯ ಬಿಲ್ಲನ್ನಷ್ಟೇ ಅಂದಾಜು ಮಾಡಿದ್ದೆ. ಓಡಾಟ, ಮಧ್ಯದ ಪರೀಕ್ಷೆಗಳು, ಕಡಿತವಾದ ಸಂಬಳ ಸೇರಿ, ನೆನಪಿರುವಂತೆ, ಒಟ್ಟು ಹೊರೆಯ ಮೂರನೆಯ ಒಂದು ಭಾಗ ಬಿಲ್ಲಿನ ಹೊರಗೇ ಇತ್ತು. ಅರ್ಧ ತಿಂಗಳ ಸಂಬಳ ಸುರಿದ ವಿಗ್ಗನ್ನು ನಾಲ್ಕು ಬಾರಿ ತೊಟ್ಟೆ. ಹೆಚ್ಚುಕಡಿಮೆ ಒಂದು ತಿಂಗಳ ಸಂಬಳಕ್ಕೆ ಕೊಂಡ ಗಿಡಮೂಲಿಕೆಯ ಪುಡಿಯನ್ನು ವೈದ್ಯರಿಗೆ ಹೇಳದೆ ಸೇವಿಸಿದಾಗ ಯಕೃತ್ತಿನ ಕಿಣ್ವಗಳು ಏರಿ, ಐದನೆಯ ಸುತ್ತು ಒಂದು ವಾರ ಮುಂದೆ ಹೋಯಿತು. ಡಿಸ್ಚಾರ್ಜ್ ಸಾರಾಂಶದ ದಿನಾಂಕಕ್ಕೂ ಬಯಾಪ್ಸಿ ವರದಿಯ ದಿನಾಂಕಕ್ಕೂ ತಾಳೆಯಾಗದೆ ವಿಮೆಯ ಕ್ಲೇಮು ತಿರಸ್ಕೃತವಾಗಿ, ಹಣ ಕೈಸೇರಲು ಐದು ತಿಂಗಳಾಯಿತು. ಅಂದಿನಿಂದ ಕಾಗದಗಳನ್ನು ಕೌಂಟರಿನಲ್ಲಿಯೇ ಓದಿ ತಿದ್ದಿಸಿಕೊಳ್ಳದೆ ಮನೆಗೆ ಬರುವುದಿಲ್ಲ. ಮೂರನೆಯ ಮೇಲ್ಮನವಿಯಲ್ಲಿ ಅಧಿಕಾರಿಯನ್ನು ಒಪ್ಪಿಸಿದ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ಅದು ಇನ್ನೊಮ್ಮೆ ಬೇಕಾಗಬಹುದು.

ಒಂದು ಪ್ರಯೋಗವನ್ನೂ ಮಾಡಿದೆ. ಪ್ಯಾಕ್ಲಿಟ್ಯಾಕ್ಸೆಲ್ ಇಳಿಯುವಾಗ ಹಿಮದ ಕೈಗವಸು ಹಾಕಿಕೊಂಡರೆ ಬೆರಳಿನ ಜೋಮು ಕಡಿಮೆಯೆಂದು ಕೇಳಿದ್ದೆ. ನಂಬಿಕೆ ಸಾಲದೆ ಎರಡು ಸುತ್ತು ಎಡಗೈಗೆ ಮಾತ್ರ ಹಾಕಿಕೊಂಡು ಬಲಗೈಯನ್ನು ಹಾಗೆಯೇ ಬಿಟ್ಟೆ. ಬಲಗೈಯಲ್ಲಿ ಗುಂಡಿ ಹಾಕಲಾಗದ ಸ್ಥಿತಿ ಬಂತು, ಎಡಗೈ ಎಷ್ಟೋ ವಾಸಿ ಇತ್ತು. ಒಬ್ಬ ಹೆಂಗಸಿನ ಎರಡು ಕೈಗಳಿಂದ ಏನೂ ಸಿದ್ಧವಾಗುವುದಿಲ್ಲವೆಂದು ವೈದ್ಯರು ನಕ್ಕರು, ನಿಜವೇ. ಆದರೂ ಉಳಿದ ಸುತ್ತುಗಳಿಗೆ ಎರಡೂ ಕೈಗೆ ಹಾಕಿಕೊಂಡೆ. ಬಲಗೈಯ ಎರಡು ಬೆರಳ ತುದಿ ಇಂದಿಗೂ ಮಂಕು. ಲೇಖನಿ ಹಿಡಿದಾಗಲೆಲ್ಲ ಆ ಪ್ರಯೋಗದ ಬೆಲೆ ತಿಳಿಯುತ್ತದೆ.

ಶಸ್ತ್ರಚಿಕಿತ್ಸೆಯ ಜೊತೆಗೇ ಬಂದ ಮುಟ್ಟುನಿಲುಗಡೆ, ಬಿಸಿಯ ಅಲೆಗಳು, ದಾಂಪತ್ಯದ ನೋವು ಇವುಗಳನ್ನು ನಾನಾಗಿ ಕೇಳುವವರೆಗೆ ಯಾರೂ ಪ್ರಸ್ತಾಪಿಸಲಿಲ್ಲ. ಹದಿನಾರನೆಯ ದಿನದ ಸಾಲಿನಲ್ಲಿ ‘ಕೇಳಬೇಕು’ ಎಂದು ಬರೆದಿದ್ದರಿಂದ ಕೇಳಿದೆ, ಪರಿಹಾರವೂ ಸಿಕ್ಕಿತು.

ಅದಕ್ಕಿಂತ ಕಠಿಣವಾದ ಸಾಲು ತಂಗಿಯದು. ನನ್ನಲ್ಲಿ ಬಿಆರ್‌ಸಿಎ1 ಎಂಬ ಜೀನಿನ ದೋಷ, ಅಂದರೆ ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಆನುವಂಶಿಕ ದೋಷ, ಪತ್ತೆಯಾದಾಗ, ಅವಳಲ್ಲಿಯೂ ಅದು ಇರುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ ಎಂದು ನಾನೇ ಹೇಳಬೇಕಾಗಿತ್ತು. ಆ ಸಾಲನ್ನು ಏಳು ಬಾರಿ ಮುಂದಿನ ಪುಟಕ್ಕೆ ಎಳೆದೆ. ಕೊನೆಗೆ ಆಡಿದ ಮಾತುಗಳು ನಮ್ಮಿಬ್ಬರ ನಡುವೆಯೇ ಇರಲಿ. ಅವಳು ಪರೀಕ್ಷೆ ಮಾಡಿಸಿಕೊಂಡಳು, ಫಲಿತಾಂಶ ಅವಳದು.

ಕೀಮೋ ಮುಗಿದ ಮೇಲೆ ರೋಗ ಮರಳದಂತೆ ತಡೆಯಲು ಕೊಟ್ಟ ಒಲಾಪರಿಬ್ ಮಾತ್ರೆಗಳ ಎರಡು ವರ್ಷ ಮುಗಿದ ತಿಂಗಳು ಎಲ್ಲರೂ ಸಂಭ್ರಮಿಸಿದರೆ, ನನ್ನ ಭಯದ ಕಲಂನಲ್ಲಿ ಒಂಬತ್ತು ಬಿದ್ದಿತ್ತು. ಮಾತ್ರೆಯ ದಣಿವಿಗೆ ಬೈಯುತ್ತಿದ್ದವಳಿಗೆ, ಅದು ನಿಂತಾಗ ಬೇಲಿ ಕಿತ್ತಂತೆ ಅನಿಸಿತು. ಈಗ ಇಪ್ಪತ್ತೊಂದು ಸಾಲುಗಳ ಬದಲು ಒಂದು ತಪಾಸಣೆಯಿಂದ ಇನ್ನೊಂದರವರೆಗೆ ಒಂದೇ ಪುಟ. ಮುಂದಿನದಕ್ಕೆ ಐದು ವಾರವಿದೆ. ಇಂದಿನ ಅಂಕೆ ನಾಲ್ಕು.